ಪಾನಾ ಯಾವ ದೇಶದ್ದಾದರೇನು, ಬೋಲ್ಟು ನಮ್ಮದು



ಟ್ರಾಕ್ಟರಿನ ಸಾಲದ ಕಂತು ಇನ್ನೆಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದರೆ ನೀವು ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಗೊಬ್ಬರದ ಚೀಲಕ್ಕೆ ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ, ಅದೂ ಬಾಯಿಪಾಠ. ಆದರೆ ಅದೇ ಟ್ರಾಕ್ಟರಿನ ಸೀಟಿನ ಕೆಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಪಾನಾ ಇದೆಯಲ್ಲ, ಅದನ್ನು ಯಾರು ಮಾಡಿದರು, ಯಾವ ಉಕ್ಕಿನಲ್ಲಿ ಮಾಡಿದರು, ಕೊಟ್ಟ ದುಡ್ಡಿಗೆ ಅದು ಎಷ್ಟು ದಿನ ದುಡಿಯಿತು ಎಂಬ ಲೆಕ್ಕ ಎಷ್ಟು ಮನೆಗಳಲ್ಲಿದೆ? ಸಣ್ಣ ಸಾಮಾನು ಬಿಡಿ, ಅದಕ್ಕೆಂಥಾ ಲೆಕ್ಕ ಎನ್ನುವಿರಿ. ದೊಡ್ಡ ಬೆಲೆಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ರೈತನ ಜೇಬು ಸೋರುವುದು ಸಣ್ಣ ತೂತಿನಲ್ಲೇ.

ಉತ್ತರದ ಕಡೆ ಪಾನಾ ಅಂತೀವಿ, ಮೈಸೂರು ಕಡೆಯವರು ಸ್ಪ್ಯಾನರ್ ಅಂತಾರೆ. ಹೆಸರು ಏನಾದರೂ ಇರಲಿ. ಯಾವ ಸಂತೆಗೆ ಹೋದರೂ ಗೋಣಿ ಹಾಸಿ ರಾಶಿ ಸುರಿದಿರುತ್ತಾರೆ. ಕನ್ನಡಿಯ ಹಾಗೆ ಹೊಳೆಯುವ ಪಾನಾ, ಕೆಂಪು ಹಿಡಿಯ ಕಟಿಂಗ್ ಪ್ಲೇಯರು, ಹಳದಿ ಹಿಡಿಯ ಸ್ಕ್ರೂ ಡ್ರೈವರು. ಒಳ್ಳೆಯ ಪಾನಾ ಎರಡು ಬರುವ ದುಡ್ಡಿಗೆ ಇಡೀ ಸೆಟ್ಟು ಚೀಲದ ಸಮೇತ ಕೊಡುತ್ತೇನೆ ಎನ್ನುತ್ತಾನೆ. ಮೈಮೇಲೆ ದಪ್ಪ ಅಕ್ಷರದಲ್ಲಿ ಕ್ರೋಮ್ ವೆನೇಡಿಯಂ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಮಾಡಿದವನ ಹೆಸರು ಇರುವುದಿಲ್ಲ, ಊರು ಇರುವುದಿಲ್ಲ. ಯಾವ ದೇಶದ್ದಪ್ಪಾ ಎಂದು ಕೇಳಿ ನೋಡಿ. ಗಿರಾಕಿಯ ಮುಖ ನೋಡಿ ಉತ್ತರ ಬರುತ್ತದೆ. ಒಬ್ಬನಿಗೆ ಜರ್ಮನ್ ಮಾಲು, ಇನ್ನೊಬ್ಬನಿಗೆ ತೈವಾನ್ ಮಾಲು, ದೇಶಾಭಿಮಾನಿಯ ಹಾಗೆ ಕಂಡವನಿಗೆ ಪಕ್ಕಾ ಇಂಡಿಯಾ ಮಾಲು.

ಈಗ ಲೆಕ್ಕಕ್ಕೆ ಬನ್ನಿ. ನಾನು ಅಂದಾಜಿಗೆ ಹೇಳುತ್ತೇನೆ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ. ಸಂತೆಯ ಸೆಟ್ಟಿಗೆ 400 ರೂಪಾಯಿ, ಸರಿಯಾದ ಸೆಟ್ಟಿಗೆ 1200 ಎಂದುಕೊಳ್ಳೋಣ. 800 ಉಳಿಯಿತು ಅಂತ ಸಂತೋಷ. ಮುಂಗಾರಿನ ಹದ ಬಂತು, ಕಲ್ಟಿವೇಟರಿನ ಹಲ್ಲು ಬದಲಿಸಬೇಕು. ಬೋಲ್ಟು ತುಕ್ಕು ಹಿಡಿದು ಕೂತಿದೆ. ಪಾನಾ ಹಾಕಿ ಒತ್ತಿದಿರಿ, ಪಾನಾದ ಬಾಯಿ ಅಗಲಿಸಿತು, ಬೋಲ್ಟಿನ ತಲೆಯ ಮೂಲೆಗಳು ಸವೆದು ಗುಂಡಗಾದವು. ಇನ್ನು ಅದಕ್ಕೆ ಯಾವ ಪಾನಾ ಹಾಕಿದರೂ ಹಿಡಿಯುವುದಿಲ್ಲ. ಪೇಟೆಗೆ ಓಡಬೇಕು, ಇಲ್ಲವೇ ವೆಲ್ಡಿಂಗಿನವನನ್ನು ಕರೆಸಿ ತಲೆಯ ಮೇಲೆ ಇನ್ನೊಂದು ನಟ್ಟು ಬೆಸೆಸಿ ಬಿಚ್ಚಿಸಬೇಕು. ಅವನ ಕೂಲಿ, ಪೆಟ್ರೋಲು, ಹೊಸ ಬೋಲ್ಟು, ಎಲ್ಲಾ ಸೇರಿ ಅಲ್ಲಿಗೇ ಆ 800 ಹೋಯಿತು. ಅರ್ಧ ದಿನ ಟ್ರಾಕ್ಟರು ನಿಂತದ್ದಕ್ಕೆ, ಮಾತು ಕೊಟ್ಟ ಪಕ್ಕದ ಹೊಲ ಉಳುಮೆಯಾಗದೆ ಹೋದದ್ದಕ್ಕೆ, ಹದ ತಪ್ಪಿದ ಬಿತ್ತನೆಗೆ ಏನು ಬೆಲೆ ಕಟ್ಟುತ್ತೀರಿ? ಬ್ಯಾಂಕಿನವನ ಬಡ್ಡಿ ಮಾತ್ರ ಆ ಅರ್ಧ ದಿನಕ್ಕೂ ಓಡುತ್ತಲೇ ಇರುತ್ತದೆ. ಅವನ ಯಂತ್ರಕ್ಕೆ ಪಾನಾ ಬೇಕಾಗಿಲ್ಲ.

ಇಷ್ಟು ಮಾತ್ರವಲ್ಲ. ಪಾನಾ ಜಾರಿದರೆ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಟ್ರಾಕ್ಟರು ಇಟ್ಟವರ ಕೈ ನೋಡಿದರೆ ಆ ಗಾಯದ ಗುರುತು ಸಿಗುತ್ತದೆ. ಹದ ತಪ್ಪಿ ಗಾಜಿನಂತೆ ಗಡುಸಾದ ಸುತ್ತಿಗೆಯಿಂದ ಚಾಣದ ಮೇಲೆ ಹೊಡೆದರೆ ಚಕ್ಕೆ ಎದ್ದು ಕಣ್ಣಿಗೆ ಹಾರುತ್ತದೆ. ಕಣ್ಣಿನ ಬೆಲೆ ಯಾವ ಸಂತೆಯಲ್ಲಿ ಕೇಳೋಣ?

ಪಾನಾ ಮೇಲೆ ಬೀಳುವ ಭಾರ ಎಷ್ಟು ಎಂಬುದನ್ನು ಹೆಚ್ಚಿನವರು ಯೋಚಿಸಿಲ್ಲ. 12 ಮಿಲಿಮೀಟರ್ ದಪ್ಪದ ಒಂದು ಗಟ್ಟಿ ಬೋಲ್ಟನ್ನು ಸರಿಯಾಗಿ ಬಿಗಿಯಬೇಕಾದರೆ ಒಂದಡಿ ಉದ್ದದ ಪಾನಾದ ತುದಿಗೆ ಸುಮಾರು 30 ಕಿಲೋ ಭಾರ ಹಾಕಬೇಕು. ಹಿಡಿಯ ತುದಿಯಲ್ಲಿ 30 ಕಿಲೋ ಆದದ್ದು ಬಾಯಿಯ ಹತ್ತಿರ ಬರುವ ಹೊತ್ತಿಗೆ ಐದು ಕ್ವಿಂಟಲಿಗೂ ಮೀರಿ ಬೋಲ್ಟಿನ ಮೂಲೆಗಳ ಮೇಲೆ ಕೂರುತ್ತದೆ. ಇದು ಹಾರೆ ಹಾಕಿ ಬಂಡೆ ಎತ್ತುವ ಲೆಕ್ಕವೇ. ಬಾಯಿ ತೆರೆದ ಪಾನಾದಲ್ಲಿ ಆ ಭಾರವೆಲ್ಲ ಎರಡೇ ಮೂಲೆಯ ಮೇಲೆ. ರಿಂಗ್ ಪಾನಾದಲ್ಲಿ ಆರು ಮೂಲೆಗಳಿಗೂ ಹಂಚಿಹೋಗುತ್ತದೆ. ಅದಕ್ಕೇ ತುಕ್ಕು ಹಿಡಿದ ಬೋಲ್ಟಿಗೆ ಮೊದಲು ರಿಂಗ್ ಹಾಕಬೇಕು ಅನ್ನುವುದು. ಬಾಯಿ ತೆರೆದದ್ದು, ಸಡಿಲಾದ ಮೇಲೆ ಬೇಗ ತಿರುಗಿಸಲು. ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆಯುವ ನಮ್ಮ ಹುಡುಗರ ಪದ್ಧತಿಯಿದೆಯಲ್ಲ, ಒಳ್ಳೆಯ ಪಾನಾ ಕೂಡ ಅದಕ್ಕೆ ಹುಟ್ಟಿದ್ದಲ್ಲ. ಸಂತೆಯ ಪಾನಾ ಪೈಪಿಲ್ಲದೆಯೇ ಕೈಕೊಡುತ್ತದೆ.

ಈ ಭಾರ ತಡೆಯುವ ಗುಣ ಎಲ್ಲಿಂದ ಬರುತ್ತದೆ? ಇದನ್ನು ನಿಮಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿಲ್ಲ. ಊರ ಕುಲುಮೆಯ ಮುಂದೆ ತಿದಿ ಒತ್ತಿದವರಿಗೆ ಗೊತ್ತು. ಕಮ್ಮಾರ ನೇಗಿಲ ಗುಳವನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದುತ್ತಿದ್ದ. ಅದ್ದಿದ ಗುಳ ಗಡುಸಾಗುತ್ತಿತ್ತು, ಆದರೆ ಸಿಡಿಯುವಂತೆ ಆಗುತ್ತಿತ್ತು. ಮತ್ತೆ ಸ್ವಲ್ಪ ಕಾವು ಕೊಟ್ಟು ಬಣ್ಣ ತಿರುಗುವುದನ್ನು ನೋಡಿ ನಿಲ್ಲಿಸುತ್ತಿದ್ದ. ಅದಕ್ಕೆ ಹದ ಎನ್ನುತ್ತಿದ್ದರು. ಗಡುಸು ಕಡಿಮೆಯಾದರೆ ಗುಳ ಬಾಗುತ್ತದೆ, ಹೆಚ್ಚಾದರೆ ಮುರಿಯುತ್ತದೆ. ಪಾನಾದ ಕಥೆಯೂ ಇಷ್ಟೇ. ಒಳ್ಳೆಯ ಉಕ್ಕಿನ ಸರಳನ್ನು ಕಾಯಿಸಿ ಅಚ್ಚಿನಲ್ಲಿಟ್ಟು ಭಾರದ ಯಂತ್ರ ಸುತ್ತಿಗೆಯಿಂದ ಬಡಿಯಬೇಕು. ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಬೇಕು. ಮತ್ತೆ ಕಾಯಿಸಿ ಹದಕ್ಕೆ ತರಬೇಕು. ಬಡಿಯದೆ ಎರಕ ಹೊಯ್ದರೆ, ಇಲ್ಲವೇ ಮೆತ್ತನೆಯ ಕಬ್ಬಿಣದ ತಗಡು ಕತ್ತರಿಸಿ ಪಾನಾದ ಆಕಾರ ಮಾಡಿದರೆ ನೋಡಲಿಕ್ಕೆ ಪಾನಾವೇ. ಉರಗದ ಹಾವು ರಬ್ಬರಿನದಾದರೂ ನೋಡಲಿಕ್ಕೆ ಹಾವೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಮೋಸ ನಡೆಯುವುದೇ ಇಲ್ಲಿ. ಮೇಲೆ ಹೊಳೆಯುವ ಕ್ರೋಮ್ ಬೇರೆ, ಉಕ್ಕಿನ ಒಳಗಿರುವ ಕ್ರೋಮ್ ಬೇರೆ. ಮೇಲಿನದು ತುಕ್ಕು ಹಿಡಿಯದಿರಲಿ ಅಂತ ಮಾಡಿದ ಲೇಪ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದ ಹಾಗೆ. ಅದು ಕೂದಲೆಳೆಗಿಂತ ತೆಳು, ಪಾನಾಕ್ಕೆ ಒಂದು ಕಾಸಿನ ಬಲವನ್ನೂ ಕೊಡುವುದಿಲ್ಲ. ಒಳಗೆ ಉಕ್ಕಿನ ಜೊತೆ ಕರಗಿಸಿ ಸೇರಿಸಿದ ಕ್ರೋಮಿಯಂ, ಗಡುಸುತನ ಮೇಲೆ ಮೇಲೆ ನಿಲ್ಲದೆ ಆಳಕ್ಕೆ ಇಳಿಯುವಂತೆ ಮಾಡುತ್ತದೆ. ವೆನೇಡಿಯಂ ಎಂಬುದು ಉಕ್ಕಿನ ಕಣವನ್ನು ನಯವಾಗಿಡುತ್ತದೆ, ಆದ್ದರಿಂದ ಅದು ಗಡುಸಾಗಿಯೂ ಸಿಡಿಯುವುದಿಲ್ಲ. ಮೆತ್ತನೆ ಕಬ್ಬಿಣಕ್ಕೆ ಹೊರಗೆ ಕ್ರೋಮ್ ಹಚ್ಚಿ, ಮೈಮೇಲೆ ಕ್ರೋಮ್ ವೆನೇಡಿಯಂ ಎಂದು ಬರೆದರೆ ಯಾರು ಹೋಗಿ ಕೇಳುತ್ತಾರೆ? ಅಕ್ಷರ ಕೊರೆಯಲಿಕ್ಕೆ ವೆನೇಡಿಯಂ ಬೇಕಾಗಿಲ್ಲವಲ್ಲ!

ಹಾಗಾದರೆ ದೇಶದ ಹೆಸರು ನೋಡಿ ಕೊಂಡರೆ ಆಗದೇ? ನಮ್ಮ ಬಹಳ ಜನರ ನಂಬಿಕೆ ಇದು. ಜರ್ಮನಿಯದಾದರೆ ಕಣ್ಣು ಮುಚ್ಚಿ ತಗೋ, ಚೀನಾದ್ದಾದರೆ ಮುಟ್ಟಬೇಡ. ಈ ನಂಬಿಕೆಯ ಚರಿತ್ರೆ ಕೇಳಿದರೆ ನಗು ಬರುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಚಾಕು ಕತ್ತರಿಗಳಿಗೆ ಲೋಕದಲ್ಲೆಲ್ಲ ಹೆಸರು. ಜರ್ಮನಿಯ ಜೋಲಿಂಗೆನ್ ಊರಿನವರು ಅಗ್ಗದ ಮಾಲು ಮಾಡಿ ಶೆಫೀಲ್ಡಿನದೆಂದು ಮಾರುತ್ತಿದ್ದಾರೆ ಎಂದು ಇಂಗ್ಲಿಷರು ಗುಲ್ಲೆಬ್ಬಿಸಿದರು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸರಕು ಗುರುತಿನ ಕಾಯಿದೆ ಮಾಡಿತು. ಹೊರದೇಶದ ಮಾಲಿಗೆ ಇಂಗ್ಲಿಷ್ ಹೆಸರು ಅಂಟಿಸಿ ತರುವಂತಿಲ್ಲ, ತಂದರೆ ಮಾಡಿದ ದೇಶದ ಹೆಸರೂ ಇರಬೇಕು ಎಂದಾಯಿತು. ಮೇಡ್ ಇನ್ ಜರ್ಮನಿ ಎಂಬ ಗುರುತು ಹೀಗೆ ಬಂದದ್ದು. ಇದು ಕಳಪೆ, ಕೊಳ್ಳಬೇಡಿ ಎಂದು ಗಿರಾಕಿಗೆ ಎಚ್ಚರ ಹೇಳಲು! ಜರ್ಮನರು ಸುಮ್ಮನೆ ಕೂರಲಿಲ್ಲ, ಮಾಲು ತಿದ್ದಿಕೊಂಡರು. ಅವಮಾನದ ಗುರುತೇ ಮರ್ಯಾದೆಯ ಗುರುತಾಯಿತು.

ಜಪಾನಿನದೂ ಅದೇ ಕಥೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಜಪಾನಿನ ಮಾಲೆಂದರೆ ಅಗ್ಗದ್ದು, ಬಾಳಿಕೆ ಬಾರದ್ದು ಎಂದೇ ಲೋಕದ ಲೆಕ್ಕ. ಯುದ್ಧದಲ್ಲಿ ಸೋತ ಮೇಲೆ, 1950ರಲ್ಲಿ, ಅಮೆರಿಕದ ಡೆಮಿಂಗ್ ಎಂಬ ಲೆಕ್ಕಶಾಸ್ತ್ರದ ಪಂಡಿತನನ್ನು ಕರೆಸಿ ಗುಣಮಟ್ಟ ಕಾಯುವುದು ಹೇಗೆಂದು ಪಾಠ ಹೇಳಿಸಿಕೊಂಡರು. ಮರುವರ್ಷ ಅವನ ಹೆಸರಿನಲ್ಲೇ ಬಹುಮಾನ ಇಟ್ಟರು. ನಮ್ಮ ಬೆಂಗಳೂರಿನ ಪವರ್ ಟಿಲ್ಲರ್ ಕಂಪನಿ 1967ರಲ್ಲಿ ಕೈಜೋಡಿಸಿದ್ದು ಜಪಾನಿನ ಮಿತ್ಸುಬಿಷಿಯ ಜೊತೆಗೇ. ಆ ಯಂತ್ರಗಳು ಗದ್ದೆಯ ಕೆಸರಿನಲ್ಲಿ ಎಷ್ಟು ವರ್ಷ ತಿರುಗಿದವು ಎಂದು ಭತ್ತದ ಸೀಮೆಯವರನ್ನು ಕೇಳಿ. ತೈವಾನಿನವರು ಆಮೇಲೆ ಅದೇ ದಾರಿ ಹಿಡಿದರು. ಇವತ್ತು ತೈಚುಂಗ್ ಸುತ್ತಮುತ್ತ ಮಾಡಿದ ಪಾನಾ, ಸಾಕೆಟ್ಟುಗಳನ್ನು ದೊಡ್ಡ ದೊಡ್ಡ ಅಮೆರಿಕನ್ ಹೆಸರುಗಳೇ ತಮ್ಮದೆಂದು ಮಾರುತ್ತವೆ.

ಅಮೆರಿಕದವರ ಪಾಡೇನು? ಅಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹೆಸರಿನ ಕೈ ಸಾಮಾನು ಸಿಯರ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಸಿಗುತ್ತಿತ್ತು. ರೈತರು, ಮೆಕ್ಯಾನಿಕ್ಕುಗಳು ಅದನ್ನು ಮೆಚ್ಚಲು ಒಂದು ದೊಡ್ಡ ಕಾರಣವಿತ್ತು: ಪಾನಾ ಮುರಿದರೆ ತೆಗೆದುಕೊಂಡು ಹೋಗಿ, ತಕರಾರಿಲ್ಲದೆ ಹೊಸದು ಕೊಡುತ್ತಿದ್ದರು. ಬರಬರುತ್ತಾ ಕೆಲಸ ಏಷ್ಯಾದ ಕಡೆ ಹೋಯಿತು. 2017ರಲ್ಲಿ ಆ ಹೆಸರನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಕೊಂಡಿತು. ಮತ್ತೆ ಅಮೆರಿಕದಲ್ಲೇ ಮಾಡುತ್ತೇವೆ ಎಂದು 2019ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹೆಚ್ಚಿನ ಕೆಲಸ ಯಂತ್ರವೇ ಮಾಡುವ ಕಾರ್ಖಾನೆ ಸಾರಿತು. ಯಂತ್ರಗಳು ಹೇಳಿದ ಮಾತು ಕೇಳಲಿಲ್ಲ. 2023ರಲ್ಲಿ ಕಾರ್ಖಾನೆ ಮುಚ್ಚುತ್ತೇವೆ ಎಂದರು. ಅಷ್ಟು ದುಡ್ಡಿದ್ದವರಿಗೇ ಬಾವುಟ ಹಚ್ಚಿದ ಮಾತ್ರಕ್ಕೆ ಪಾನಾ ಆಗಲಿಲ್ಲ.

ಚೀನಾದ ಮಾತಿಗೆ ಬರೋಣ. 2020ರಲ್ಲಿ ಗಲ್ವಾನಿನಲ್ಲಿ ನಮ್ಮ ಸೈನಿಕರು ಸತ್ತಾಗ ಚೀನಾ ಮಾಲು ಸುಡಿ ಎಂಬ ಕೂಗೆದ್ದಿತು. ಆ ಸಿಟ್ಟಿಗೆ ನಾನು ಅಡ್ಡ ಬರುವವನಲ್ಲ. ಆದರೆ ಸಿಟ್ಟಿನ ಲಾಭ ಯಾರಿಗಾಯಿತು? ಮಾಲು ಬರುವುದು ನಿಲ್ಲಲಿಲ್ಲ. ದೇಶದ ಹೆಸರೇ ಕಾಣದ ಬಿಡಿ ಮಾಲಿಗೆ ಯಾವ ಬಹಿಷ್ಕಾರ ತಟ್ಟುತ್ತದೆ ಹೇಳಿ? ಚೀನಾದಲ್ಲಿ ಒಳ್ಳೆಯ ಪಾನಾ ಮಾಡುವ ಕಾರ್ಖಾನೆಯೂ ಇದೆ, ತಗಡು ಬಡಿಯುವ ಕಾರ್ಖಾನೆಯೂ ಇದೆ. ಯಾವುದು ಬೇಕೆಂದು ಹೇಳುವವನು ಇಲ್ಲಿಂದ ಆರ್ಡರು ಕಳಿಸುವ ನಮ್ಮದೇ ವ್ಯಾಪಾರಿ. ಸಂತೆಗೆ ಇಷ್ಟು ಬೆಲೆಯಲ್ಲಿ ಬೇಕು, ಅದಕ್ಕೆ ತಕ್ಕ ಹಾಗೆ ಮಾಡಿಕೊಡು ಎನ್ನುತ್ತಾನೆ. ಹಾಗೇ ಮಾಡಿಕೊಡುತ್ತಾರೆ. ತಪ್ಪಿನ ಅರ್ಧ ಪಾಲು ಆ ಆರ್ಡರಿನಲ್ಲಿದೆ.

ನಮ್ಮ ದೇಶದಲ್ಲೇನು ಪಾನಾ ಮಾಡುವವರಿಗೆ ಬರವೇ? ಪಂಜಾಬಿನ ಜಲಂಧರ, ಲುಧಿಯಾನ, ರಾಜಸ್ಥಾನದ ನಾಗೌರ್, ಈ ಊರುಗಳ ಹೊಟ್ಟೆಪಾಡೇ ಕೈ ಸಾಮಾನು. ನಾಗೌರಿನಲ್ಲಿ ಲೋಹಾರರು, ಅಂದರೆ ನಮ್ಮ ಕಮ್ಮಾರರ ಬಳಗದವರೇ, ಇಕ್ಕಳ ಸುತ್ತಿಗೆ ಮಾಡುತ್ತಾ ಬಂದಿದ್ದಾರೆ. ನಾಶಿಕದ ತಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನವರ ತಾಂತ್ರಿಕ ಸಹಾಯ ಪಡೆದು ಕೈ ಸಾಮಾನು ಮಾಡತೊಡಗಿತು. ಹಳ್ಳಿಯ ಗ್ಯಾರೇಜುಗಳಲ್ಲಿ ಅದರ ಪಾನಾ ಕಾಣದಿರುವುದೇ ಕಡಿಮೆ. ಜಲಂಧರದ ಮಾಲು ಅಮೆರಿಕ, ಯುರೋಪಿಗೂ ಹೋಗುತ್ತದೆ. ಅಲ್ಲಿಯವನು ಉಕ್ಕು ಇಂಥದ್ದಿರಬೇಕು, ಗಡುಸು ಇಷ್ಟಿರಬೇಕು, ಇಲ್ಲದಿದ್ದರೆ ಹಡಗು ವಾಪಸ್ ಎನ್ನುತ್ತಾನೆ. ಅದೇ ಊರಿನಿಂದ ನಮ್ಮ ಸಂತೆಗೆ ಬರುವುದಕ್ಕೆ ಹಾಗೆ ಕೇಳುವವರು ಯಾರೂ ಇಲ್ಲ. ಊರು ಒಂದೇ, ದೇಶ ಒಂದೇ, ಮಾಲು ಎರಡು.

ಇದನ್ನು ಓದಿದಾಗ ನಿಮಗೆ ಏನೋ ನೆನಪಾಗಬೇಕಲ್ಲ? ಮಂಡಿಯಲ್ಲಿ ನಮ್ಮ ಮಾಲಿಗೆ ಏನಾಗುತ್ತದೆ? ಖರ್ಚು ಹುಟ್ಟದ ಬೆಲೆ ಕೂಗಿ, ಮೆಣಸಿನಕಾಯಿ ಬಣ್ಣ ಸಾಲದು, ಜೋಳದಲ್ಲಿ ಕಸ ಎಂದು ಜರಿಯುತ್ತಾರೆ. ಬೆಲೆ ಕೊಡದೆ ಗುಣ ಕೇಳುವುದು ನ್ಯಾಯವೇ ಎಂದು ನಾವು ಕೂಗಾಡುತ್ತೇವೆ. ಜಲಂಧರದ ಭಟ್ಟಿಯ ಮುಂದೆ ನಿಂತವನ ಪ್ರಶ್ನೆಯೂ ಅದೇ. ಅವನಿಗೆ ಉಕ್ಕು ತುಟ್ಟಿ, ಕರೆಂಟು ತುಟ್ಟಿ, ಸಾಲದ ಬಡ್ಡಿ ತುಟ್ಟಿ. ಬೆಲೆ ಇಳಿಸು ಇಳಿಸು ಎಂದು ಸಗಟು ವ್ಯಾಪಾರಿ ಕುತ್ತಿಗೆ ಹಿಡಿದರೆ ಅವನು ಎಲ್ಲಿ ಕಡಿಮೆ ಮಾಡಬೇಕು? ಉಕ್ಕಿನಲ್ಲಿ ಕಡಿಮೆ ಮಾಡುತ್ತಾನೆ, ಎರಡನೇ ಸಲ ಕಾಯಿಸುವುದನ್ನು ಬಿಡುತ್ತಾನೆ. ಕೇಂದ್ರದ ನೀತಿ ಆಯೋಗವೇ 2025ರಲ್ಲಿ ಕೈ ಸಾಮಾನಿನ ಉದ್ಯಮದ ಬಗ್ಗೆ ಒಂದು ವರದಿ ಹೊರಡಿಸಿ, ಚೀನಾದವನಿಗೆ ಹೋಲಿಸಿದರೆ ನಮ್ಮವನಿಗೆ ಶೇಕಡಾ 14ರಿಂದ 17ರಷ್ಟು ಖರ್ಚು ಹೆಚ್ಚು ಬೀಳುತ್ತದೆ, ಉಕ್ಕಿನಂಥ ಕಚ್ಚಾ ಮಾಲು ತುಟ್ಟಿಯಾದದ್ದೂ ಅದಕ್ಕೆ ಒಂದು ಕಾರಣ ಎಂದು ಒಪ್ಪಿಕೊಂಡಿದೆ. ಆ ವರದಿಯ ಕಾಳಜಿಯೆಲ್ಲ ರಫ್ತಿನದು. ಇಲ್ಲೇ ಕೊಳ್ಳುವ ರೈತನಿಗೆ ಎಂಥ ಪಾನಾ ಸಿಗುತ್ತಿದೆ ಎಂಬುದೂ ಒಂದು ಪ್ರಶ್ನೆ ಎಂದು ದೆಹಲಿಗೆ ಯಾವಾಗ ಹೊಳೆಯುತ್ತದೋ.

ಉಕ್ಕಿನ ಮಾತು ಬಂದದ್ದರಿಂದ ಭದ್ರಾವತಿಯನ್ನು ಬಿಡುವಂತಿಲ್ಲ. 1923ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಆಮೇಲೆ ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕು ಮಾಡಲು ಕಲಿಯಿತು. ಕೈ ಸಾಮಾನಿಗೆ ಬೇಕಾದ ಉಕ್ಕಿನ ಜಾತಿ ಅದೇ. ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚಲು ಸೇಲ್ ಆಡಳಿತ ಮಂಡಳಿ ತೀರ್ಮಾನ ಮಾಡಿತು. ಕಾರ್ಮಿಕರು ಬೀದಿಗಿಳಿದರು. ನೂರು ವರ್ಷ ಉಕ್ಕು ಕಲಿತ ನಾಡಿನಲ್ಲಿ ಕೂತು ನಾವು ಸಂತೆಯ ತಗಡು ಪಾನಾ ಕೊಳ್ಳುತ್ತಿದ್ದೇವೆ.

ಇನ್ನು ತೆರಿಗೆ. ಇದನ್ನು ಸಾವಧಾನವಾಗಿ ಓದಿ. 2017ರಲ್ಲಿ ಜಿಎಸ್‌ಟಿ ಬಂದಾಗ ಕುಡುಗೋಲು, ಗುದ್ದಲಿ, ಸನಿಕೆ, ಕೊಡಲಿಗಳಿಗೆ ತೆರಿಗೆ ಹಾಕಲಿಲ್ಲ. ರೈತನ ಕೈ ಸಾಮಾನು ಎಂದು ಬಿಟ್ಟರು. ಒಳ್ಳೆಯದು. ಪಾನಾ, ಇಕ್ಕಳಗಳಿಗೆ ಶೇಕಡಾ 18. ಅಂದರೆ 1000 ರೂಪಾಯಿಯ ಸೆಟ್ಟಿಗೆ 180 ರೂಪಾಯಿ ಸರ್ಕಾರಕ್ಕೆ. 2025ರ ಸೆಪ್ಟೆಂಬರಿನಲ್ಲಿ ದರ ಪರಿಷ್ಕರಿಸಿದಾಗ ಟ್ರಾಕ್ಟರಿಗೆ, ಅದರ ಟೈರಿಗೆ, ಬಿಡಿಭಾಗಗಳಿಗೆ ಶೇಕಡಾ 5 ಮಾಡಿದರು. ಅದೂ ಒಳ್ಳೆಯದೇ. ಆ ಬಿಡಿಭಾಗವನ್ನು ಹಲ್ಲಿನಿಂದ ಬಿಚ್ಚಬೇಕೇ? ಗ್ಯಾರೇಜಿನ ಮಾಲೀಕ ನೋಂದಣಿ ಮಾಡಿಸಿಕೊಂಡಿದ್ದರೆ ಪಾನಾಕ್ಕೆ ಕೊಟ್ಟ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ. ರೈತನಿಗೆ ಆ ದಾರಿಯಿಲ್ಲ, ಕೊಟ್ಟದ್ದು ಕೊಟ್ಟದ್ದೇ. ಸರ್ಕಾರದ ಕಣ್ಣಿನಲ್ಲಿ ರೈತ ಇನ್ನೂ ಕುಡುಗೋಲಿನವನು. ಸಾಲ ಕೊಡುವಾಗ ಮಾತ್ರ ಟ್ರಾಕ್ಟರಿನವನು. ಪಾನಾ, ಇಕ್ಕಳ, ಸುತ್ತಿಗೆ, ಗ್ರೀಸ್ ಗನ್ ಇವನ್ನೂ ವ್ಯವಸಾಯದ ಉಪಕರಣದ ಪಟ್ಟಿಗೆ ಸೇರಿಸಿ ಎಂಬುದು ದೊಡ್ಡ ಬೇಡಿಕೆಯೇನಲ್ಲ, ಆದರೆ ಇಟ್ಟವರಾರು? ಮುಂದಿನ ಸಲ ನಿಮ್ಮ ಶಾಸಕ, ಸಂಸದ ಊರಿಗೆ ಬಂದಾಗ ಬೆಲೆಯ ಮನವಿಯ ಜೊತೆ ಇದನ್ನೂ ಒಂದು ಸಾಲು ಬರೆದುಕೊಡಿ. ತೆರಿಗೆ ಇಳಿದರೆ ಮಾತ್ರ ಸಂತೆಯ ಪಾನಾಕ್ಕೂ ಸರಿಯಾದ ಪಾನಾಕ್ಕೂ ಇರುವ ಅಂತರ ತಗ್ಗುತ್ತದೆ. ಬಿಲ್ಲಿಲ್ಲದೆ ಮಾರುವವನು ಹೇಗೂ ತೆರಿಗೆ ಕಟ್ಟುವುದಿಲ್ಲ, ಕಟ್ಟುವವನೇ ದಂಡ ತೆರುತ್ತಿದ್ದಾನೆ.

ಕಾನೂನು ನಮ್ಮ ಕಡೆ ಇಲ್ಲವೇ ಅಂದರೆ, ಇದೆ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಪ್ಯಾಕೆಟ್ಟಿನಲ್ಲಿ ಮಾರುವ ಸಾಮಾನಿನ ಮೇಲೆ ಮಾಡಿದವನ ಹೆಸರು, ವಿಳಾಸ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿಕೊಂಡವನ ಹೆಸರು, ವಿಳಾಸ, ಜೊತೆಗೆ ದೇಶದ ಹೆಸರೂ ಇರಬೇಕು. ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ತಕ್ಕಡಿಗೆ ಮುದ್ರೆ ಒತ್ತುವವರು ಇವರೇ. ಇನ್ನು ಐಎಸ್‌ಐ ಗುರುತು. ಬಾಯಿ ತೆರೆದ ಪಾನಾಕ್ಕೆ ಐಎಸ್ 2028, ರಿಂಗ್ ಪಾನಾಕ್ಕೆ ಐಎಸ್ 2029, ಕಟಿಂಗ್ ಪ್ಲೇಯರಿಗೆ ಐಎಸ್ 3650 ಎಂದು ನಮ್ಮ ಸರ್ಕಾರವೇ ಮಾನಕ ಬರೆದಿಟ್ಟಿದೆ. ಗುರುತಿನ ಮೇಲ್ಗಡೆ ಈ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಬರೀ ಗುರುತು ಇದ್ದು ಸಂಖ್ಯೆ ಇಲ್ಲದಿದ್ದರೆ ಅನುಮಾನಪಡಿ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದೆಂದು ಬರುತ್ತದೆ. ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ನಿಮಿಷದ ಕೆಲಸ. ಹೆಸರುವಾಸಿ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೆ ಈಚೆ ಮಾಡಿ ಅದೇ ಬಣ್ಣದ ಚೀಲದಲ್ಲಿ ಮಾರುವವರಿದ್ದಾರೆ, ಅಕ್ಷರ ಕೂಡಿಸಿ ಓದಿ.

ನಾನು ದೇಶದ ಹೆಸರು ಬೇಡ ಎನ್ನುತ್ತಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಮುರಿದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದನ್ನು. ಜಲಂಧರದ ವಿಳಾಸವಿರಲಿ, ಚೀನಾದಿಂದ ತರಿಸಿದ ಮುಂಬಯಿಯವನ ವಿಳಾಸವಿರಲಿ, ವಿಳಾಸವಿರುವ ಪಾನಾಕ್ಕೆ ಒಬ್ಬ ಯಜಮಾನನಿದ್ದಾನೆ. ಬಿಲ್ಲು ಇಟ್ಟುಕೊಂಡಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವನನ್ನು ನಿಲ್ಲಿಸಬಹುದು. 2019ರ ಕಾಯಿದೆ ಬಂದ ಮೇಲೆ 5 ಲಕ್ಷದವರೆಗಿನ ಸರಕಿನ ದೂರಿಗೆ ಶುಲ್ಕವೇ ಇಲ್ಲ. ವಿಳಾಸ ಒಂದೇ ಎರಡೇ ಬಗೆಯಲ್ಲಿ ಸಿಗುವಾಗ ಸ್ವದೇಶಿಯದನ್ನು ತೆಗೆದುಕೊಳ್ಳಿ, ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಕೊಡಿ. ಅಲ್ಲಿಯ ಕಮ್ಮಾರನಿಗೂ ಮಕ್ಕಳಿದ್ದಾರೆ.

ಕೊಳ್ಳುವಾಗ ಕೈಯಲ್ಲೇ ನೋಡಬಹುದಾದ್ದು ಬೇಕಾದಷ್ಟಿದೆ. ಜೇಬಿನಲ್ಲಿ ಎರಡು ಹೊಸ ಬೋಲ್ಟು ಇಟ್ಟುಕೊಂಡು ಹೋಗಿ. ಪಾನಾದ ಬಾಯಿಗೆ ಹಾಕಿ ಅಲ್ಲಾಡಿಸಿ, ಗಡಗಡ ಎಂದರೆ ಬೇಡ. ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ, ಎರಡು ದವಡೆಯೂ ಸಮಾನಾಂತರವಾಗಿರಬೇಕು. ಕಟಿಂಗ್ ಪ್ಲೇಯರು ಮುಚ್ಚಿದಾಗ ತುದಿ ಕೂಡಿಕೊಳ್ಳಬೇಕು, ಕತ್ತರಿಸುವ ಜಾಗದಲ್ಲಿ ಬೆಳಕು ತೂರಬಾರದು. ಅಂಗಡಿಯವನು ಒಪ್ಪಿದರೆ ಅಂಚಿನಲ್ಲಿ ಸಣ್ಣ ಅರ ಉಜ್ಜಿ. ಬೆಣ್ಣೆಯಂತೆ ಕೊರೆದುಕೊಂಡು ಹೋದರೆ ಅದು ಮೆತ್ತನೆ ಕಬ್ಬಿಣ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ದೇಶದ ವಿಚಾರ ನಿಜವಾಗಿ ಉಪಯೋಗಕ್ಕೆ ಬರುವುದು ಪಾನಾದಲ್ಲಿ ಅಲ್ಲ, ನಿಮ್ಮ ಯಂತ್ರದಲ್ಲಿ. 10 ಮಿಲಿಮೀಟರ್ ಬೋಲ್ಟಿನ ತಲೆ ಹಳೆಯ ಜರ್ಮನ್ ಪದ್ಧತಿಯಲ್ಲಿ 17, ಈಗಿನ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 16, ಜಪಾನಿ ಮಾದರಿಯ ವಾಹನಗಳಲ್ಲಿ 14. ಇಂಗ್ಲಿಷ್, ಅಮೆರಿಕನ್ ಮೂಲದ ಹಳೆಯ ಟ್ರಾಕ್ಟರುಗಳಲ್ಲಿ ಇಂಚಿನ ಬೋಲ್ಟು. ಮುಕ್ಕಾಲು ಇಂಚಿಗೆ 19ರ ಪಾನಾ ನಡೆಯುತ್ತದೆ, ಐದು ಎಂಟನೆಯ ಇಂಚಿಗೆ 16 ನಡೆಯುತ್ತದೆ. ಆದರೆ ಅರ್ಧ ಇಂಚಿಗೆ 13 ಹಾಕಿ ಬಲ ಬಿಟ್ಟರೆ ಮೂಲೆ ಸವೆಯುತ್ತದೆ. ಒಂಬತ್ತು ಹದಿನಾರನೆಯ ಇಂಚಿಗಂತೂ 14 ಒಳಗೇ ಹೋಗುವುದಿಲ್ಲ, 15 ಸಡಿಲವಾಗುತ್ತದೆ. ಎಷ್ಟೋ ಬೋಲ್ಟುಗಳು ಹಾಳಾಗುವುದು ಕಳಪೆ ಪಾನಾದಿಂದಲ್ಲ, ಅಳತೆ ತಪ್ಪಿದ ಪಾನಾದಿಂದ.

ಒಬ್ಬೊಬ್ಬರೇ ಹೋದರೆ ಚೌಕಾಸಿಗೆ ಬಲವಿಲ್ಲ. ನಿಮ್ಮ ವ್ಯವಸಾಯ ಸೇವಾ ಸಹಕಾರ ಸಂಘ ಗೊಬ್ಬರ ತರಿಸುತ್ತದೆ, ಬೀಜ ತರಿಸುತ್ತದೆ. ಐವತ್ತು ಮನೆಯವರು ಬರೆದುಕೊಟ್ಟರೆ ಐವತ್ತು ಸೆಟ್ಟು ಪಾನಾ ತರಿಸಲಾರದೇ? ಕಾರ್ಖಾನೆಯ ವಿತರಕನಿಂದ ನೇರವಾಗಿ, ಬಿಲ್ಲಿನ ಸಮೇತ, ಐಎಸ್ ಸಂಖ್ಯೆ ಆರ್ಡರಿನಲ್ಲೇ ಬರೆದು ತರಿಸಲಿ. ಇಪ್ಪತ್ತು ಪಾನಾದ ದೊಡ್ಡ ಸೆಟ್ಟು ಎಲ್ಲರಿಗೂ ಬೇಕಿಲ್ಲ. 10ರಿಂದ 19ರವರೆಗೆ ಒಂದು ಕಡೆ ಬಾಯಿ ಒಂದು ಕಡೆ ರಿಂಗ್ ಇರುವವು, 22, 24ರ ರಿಂಗು, ಒಂದು ಪ್ಲೇಯರು, ಒಂದು ಕಿಲೋ ಸುತ್ತಿಗೆ ಇದ್ದರೆ ಹೊಲದ ಕೆಲಸ ಮುಕ್ಕಾಲು ಪಾಲು ನಡೆಯುತ್ತದೆ. ದೊಡ್ಡ ಸಾಕೆಟ್ಟು, ಪುಲ್ಲರು ಸಂಘದಲ್ಲೇ ಒಂದೊಂದು ಇರಲಿ, ಬೇಕಾದವರು ಸಹಿ ಹಾಕಿ ಒಯ್ದು ತಂದಿಡಲಿ. ಪಟ್ಟಿ ಬೇಸಿಗೆಯಲ್ಲೇ ಕೊಡಿ, ಮಳೆ ಬಿದ್ದ ಮೇಲೆ ಕಾರ್ಯದರ್ಶಿ ಗೊಬ್ಬರದ ಗಲಾಟೆಯಲ್ಲಿರುತ್ತಾನೆ. ಮನೆಯಲ್ಲಿ ಇಂಚಿನ ಬೋಲ್ಟಿನ ಹಳೆಯ ಎಂಜಿನ್ನೋ ಟ್ರಾಕ್ಟರೋ ಇರುವವರು ಅರ್ಧ ಇಂಚು, ಒಂಬತ್ತು ಹದಿನಾರನೆಯ ಇಂಚಿನ ರಿಂಗ್ ಪಾನಾಗಳನ್ನು ಆ ಪಟ್ಟಿಯಲ್ಲಿ ಬೇರೆಯಾಗಿ ಬರೆಸಿ.